ಚೀಟಿಗೆ ಬಿಟ್ಟ ಔಷಧಿ

ಎದೆ ತೆರೆದು ಹೃದಯಕ್ಕೆ ಕೈ ಹಾಕುವ ವೈದ್ಯರು, ರೋಗಿಗೆ ಒಂದು ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರೆ ಅದು ಧರ್ಮವೋ ಅಧರ್ಮವೋ? ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಅಧರ್ಮ ಎಂದೇ ಹೇಳಿಯಾರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈ ಉತ್ತರ ಇನ್ನೂ ಗಟ್ಟಿಯಾಗಿ ಬರುತ್ತದೆ. ಇಲ್ಲಿಯವರಿಗೆ ಹೃದಯದ ಆಪರೇಶನ್ ಎಂದರೆ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು, ಇಲ್ಲವೇ ಹುಬ್ಬಳ್ಳಿ, ಬೆಂಗಳೂರಿನ ದಾರಿ ಹಿಡಿಯಬೇಕು. ಅಡಿಕೆ ಮಾರಿದ ದುಡ್ಡು, ಸೊಸೈಟಿಯ ಸಾಲ, ಯಶಸ್ವಿನಿ ಅಥವಾ ಆಯುಷ್ಮಾನ್ ಕಾರ್ಡು, ಮಾರಿಕಾಂಬೆಗೆ ಹೇಳಿಕೊಂಡ ಹರಕೆ, ಇಷ್ಟನ್ನೂ ಹೊಂದಿಸಿಕೊಂಡು ಅಲ್ಲಿಗೆ ಮುಟ್ಟಿದ ಮೇಲೆ ‘ಈ ಔಷಧಿಯಿಂದ ಒಳ್ಳೆಯದಾಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ, ನಿಮ್ಮನ್ನು ಯಾವ ಗುಂಪಿಗೆ ಹಾಕಬೇಕೆಂದು ಕಂಪ್ಯೂಟರ್ ಹೇಳುತ್ತದೆ’ ಎಂದರೆ ಯಾರಿಗಾದರೂ ಸಿಟ್ಟು ಬರಬೇಕಾದ್ದೇ. ಗೊತ್ತಿಲ್ಲದವರ ಹತ್ತಿರ ಇಷ್ಟು ದೂರ ಬರಬೇಕಿತ್ತೇ ಎಂಬ ಪ್ರಶ್ನೆ ಸಹಜ. ಆದರೂ ನನ್ನ ವಾದ ಇದಕ್ಕೆ ತಿರುಗುಮುರುಗು. ನಿಜವಾಗಿಯೂ ಗೊತ್ತಿಲ್ಲದ ಕಡೆ ಚೀಟಿಗೆ ಬಿಡುವುದೇ ಧರ್ಮ. ಗೊತ್ತಿದೆ ಎಂಬಂತೆ ಔಷಧಿ ಕೊಡುವುದರಲ್ಲಿ ಅಧರ್ಮದ ಪಾಲು ಹೆಚ್ಚು. ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕೊಡುವ ಸ್ಟಿರಾಯ್ಡ್‌ನ ಕತೆ ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ.

ಹೃದಯವನ್ನು ನಿಲ್ಲಿಸಿ ಕವಾಟ ಬದಲಿಸಬೇಕಾದರೆ, ಅಷ್ಟು ಹೊತ್ತು ರಕ್ತವನ್ನು ಬೇರೇನಾದರೂ ತಿರುಗಿಸುತ್ತಿರಬೇಕು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದಾಗ ಆ ಕೆಲಸವನ್ನು ಯಂತ್ರ ಮಾಡಿತು. ಇಂದಿಗೂ ವಿಧಾನ ಹೆಚ್ಚುಕಡಿಮೆ ಅದೇ. ಬೆರಳುಗಾತ್ರದ ಕೊಳವೆಯಲ್ಲಿ ಕಪ್ಪುಗೆಂಪು ರಕ್ತ ಮೈಯಿಂದ ಹೊರಗೆ ಹರಿಯುತ್ತದೆ, ಯಂತ್ರದಲ್ಲಿ ಆಮ್ಲಜನಕ ಹೀರಿಕೊಂಡು ಕೆಂಪಾಗಿ ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುತ್ತದೆ. ತೊಂದರೆ ಏನೆಂದರೆ, ರಕ್ತಕ್ಕೆ ಪ್ಲಾಸ್ಟಿಕ್ಕಿನ ಪರಿಚಯವಿಲ್ಲ. ರಕ್ತನಾಳದ ಒಳಮೈ ಬಿಟ್ಟು ಬೇರೆ ಏನನ್ನು ಮುಟ್ಟಿದರೂ ಗಾಯವಾಗಿದೆ ಎಂದೇ ಅದು ತಿಳಿಯುತ್ತದೆ. ಬೆರಳು ಕೊಯ್ದುಕೊಂಡರೆ ಆ ಜಾಗದಲ್ಲಿ ಮಾತ್ರ ಏಳುವ ಉರಿಯೂತ ಇಲ್ಲಿ ಇಡೀ ಮೈಯಲ್ಲಿ ಏಳುತ್ತದೆ. ಮರುದಿನ ಐಸಿಯುವಿನ ಬಾಗಿಲಲ್ಲಿ ನಿಂತು ನೋಡುವ ಮನೆಯವರಿಗೆ ಕಾಣುವ ಊದಿದ ಮುಖ, ಒಂದು ದಿನ ತಡವಾಗಿ ತೆಗೆದ ವೆಂಟಿಲೇಟರ್, ಏರದ ರಕ್ತದೊತ್ತಡ, ಕಡಿಮೆಯಾದ ಮೂತ್ರ ಇವುಗಳ ಹಿಂದೆ ಈ ಉರಿಯೂತದ ಕೈವಾಡವೂ ಇರುತ್ತದೆ. ಉರಿಯೂತವನ್ನು ತಗ್ಗಿಸುವ ಔಷಧಿ ಗಿಬ್ಬನ್ನರ ಹೊತ್ತಿಗಾಗಲೇ ಬಂದಿತ್ತು. ಸಂಧಿವಾತದಿಂದ ಹಾಸಿಗೆ ಹಿಡಿದವರಿಗೆ 1948ರಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟು ಎಬ್ಬಿಸಿ ನಡೆಸಿದ್ದರು. ಎರಡೇ ವರ್ಷಕ್ಕೆ ಅವರಿಗೂ, ಜೊತೆಗಿದ್ದ ಕೆಂಡಾಲ್ ಅವರಿಗೂ, ಬೇರೆಯಾಗಿ ಕೆಲಸ ಮಾಡಿದ್ದ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಬಂತು. ಇನ್ನೇನು ಬೇಕು? ಉರಿಯೂತದಿಂದ ಕೆಡುಕು, ಸ್ಟಿರಾಯ್ಡ್‌ನಿಂದ ಉರಿಯೂತ ಇಳಿಯುತ್ತದೆ, ಆದ್ದರಿಂದ ಸ್ಟಿರಾಯ್ಡ್ ಕೊಟ್ಟರೆ ರೋಗಿ ಬದುಕುತ್ತಾನೆ. ತರ್ಕಶಾಸ್ತ್ರದ ಪಾಠಪುಸ್ತಕಕ್ಕೆ ಹಾಕಬಹುದಾದಷ್ಟು ಅಚ್ಚುಕಟ್ಟಾದ ಅನುಮಾನ, ಅಂದರೆ ತರ್ಕದ ಊಹೆ, ಇದು.

1960ರ ದಶಕದಿಂದ ಎಷ್ಟೋ ಆಸ್ಪತ್ರೆಗಳಲ್ಲಿ ಈ ಅನುಮಾನದ ಬಲದ ಮೇಲೆಯೇ ಸ್ಟಿರಾಯ್ಡ್ ಕೊಟ್ಟರು. ಹತ್ತಾರು ಸಣ್ಣ ಅಧ್ಯಯನಗಳೂ ನಡೆದವು. ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದದ್ದನ್ನು ಅವು ತೋರಿಸಿದವು. ಆದರೆ ರೋಗಿ ಆಸ್ಪತ್ರೆಗೆ ಬರುವುದು ರಕ್ತದ ಗುರುತು ಇಳಿಸಿಕೊಳ್ಳಲು ಅಲ್ಲವಲ್ಲ. ಬದುಕಿದನೇ, ಲಕ್ವ ಹೊಡೆಯಿತೇ, ಕಿಡ್ನಿ ಉಳಿಯಿತೇ ಎಂದು ದೊಡ್ಡ ಪ್ರಮಾಣದಲ್ಲಿ ಕೇಳಿದ್ದು ತೀರ ಈಚೆಗೆ. ನೆದರ್ಲೆಂಡ್ಸ್‌ನಲ್ಲಿ 4,494 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಅರಿವಳಿಕೆಯ ಹೊತ್ತಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು, ಇನ್ನೊಂದಕ್ಕೆ ಹುಸಿ ಇಂಜೆಕ್ಷನ್. ಪ್ರಮಾಣ ಕೆ.ಜಿ. ತೂಕಕ್ಕೆ 1 ಮಿ.ಗ್ರಾಂ.; ಅಂದರೆ 70 ಕೆ.ಜಿ. ತೂಗುವವರಿಗೆ ಒಮ್ಮೆಲೇ 70 ಮಿ.ಗ್ರಾಂ. ಕೋವಿಡ್ ಕಾಲದಲ್ಲಿ ದಿನಕ್ಕೆ ಕೊಡುತ್ತಿದ್ದದ್ದು 6 ಮಿ.ಗ್ರಾಂ. ಎಂದು ನೆನೆದರೆ ಇದರ ಗಾತ್ರ ತಿಳಿಯುತ್ತದೆ. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಾವು, ಹೃದಯಾಘಾತ, ಲಕ್ವ, ಕಿಡ್ನಿ ಅಥವಾ ಶ್ವಾಸಕೋಶದ ವೈಫಲ್ಯ, ಇವುಗಳಲ್ಲಿ ಯಾವುದಾದರೂ ಒಂದು ತಿಂಗಳೊಳಗೆ ಆದದ್ದು ಔಷಧಿ ಪಡೆದವರಲ್ಲಿ ಶೇ 7, ಪಡೆಯದವರಲ್ಲಿ ಶೇ 8.5. ಈ ಅಂತರ ಕಾಕತಾಳೀಯವೂ ಇರಬಹುದೆಂದು ಲೆಕ್ಕ ಹೇಳಿತು. ಮೂರು ವರ್ಷದ ಮೇಲೆ 18 ದೇಶಗಳ 7,507 ರೋಗಿಗಳ ಮೇಲೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಪರೀಕ್ಷಿಸಿದ ಇನ್ನೂ ದೊಡ್ಡ ಪ್ರಯೋಗದ ವರದಿ ಬಂತು. ಸಾವು ಮತ್ತು ದೊಡ್ಡ ತೊಡಕುಗಳನ್ನು ಒಟ್ಟು ಹಾಕಿದರೆ ಎರಡೂ ಕಡೆ ಶೇ 24. ಮೇಲಾಗಿ, ಹೃದಯದ ಸ್ನಾಯುವಿಗೆ ಪೆಟ್ಟಾದ ಗುರುತು ಔಷಧಿ ಪಡೆದವರಲ್ಲೇ ಹೆಚ್ಚು. 2022ರಲ್ಲಿ ಪ್ರಕಟವಾದ, ಅಮೆರಿಕದ 24 ಆಸ್ಪತ್ರೆಗಳಲ್ಲಿ ಒಂದು ವರ್ಷ ತುಂಬದ ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಖಚಿತ ಲಾಭ ಸಿಗಲಿಲ್ಲ. ಸಕ್ಕರೆ ಏರಿ ಇನ್ಸುಲಿನ್ ಕೊಡಬೇಕಾಗಿ ಬಂದದ್ದು ಮಾತ್ರ ಔಷಧಿ ಪಡೆದ ಕೂಸುಗಳಲ್ಲಿ ಶೇ 19, ಪಡೆಯದವುಗಳಲ್ಲಿ ಶೇ 6.7.

ಅಷ್ಟು ಚೆಂದದ ಅನುಮಾನ ಕೈಕೊಟ್ಟದ್ದು ಹೇಗೆ? ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಸೋಂದೆಯಲ್ಲಿ ಈ ಪ್ರಶ್ನೆ ಕೇಳಬಹುದು. ಅದೊಂದು ವಿಚಿತ್ರ ಊರು. ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ದಿಗಂಬರ ಜೈನರ ಸ್ವಾದಿ ಮಠ ಮೂರೂ ಒಂದೇ ಗ್ರಾಮದ ಸೀಮೆಯಲ್ಲಿವೆ. ಒಂದು ಸಂಗತಿಯನ್ನು ತಿಳಿದೆವು ಎಂದು ಯಾವಾಗ ಹೇಳಬಹುದು ಎಂಬ ವಿಷಯದಲ್ಲಿ ಮೂವರದೂ ಮೂರು ದಾರಿ. ಅದಕ್ಕಾಗಿ ಶತಮಾನಗಳ ಕಾಲ ವಾದ ಮಾಡಿದವರು ಇವರು. ವಾದಿರಾಜರ ವೃಂದಾವನ ಇರುವುದು ಇಲ್ಲಿಯೇ. ತಮ್ಮ ಗ್ರಂಥಕ್ಕೆ ‘ಯುಕ್ತಿಮಲ್ಲಿಕಾ’ ಎಂದು ಹೆಸರಿಟ್ಟವರು ಯುಕ್ತಿಯನ್ನು ಹಗುರವಾಗಿ ಕಂಡವರಲ್ಲ. ಆದರೆ ಅವರ ಸಂಪ್ರದಾಯ ಯುಕ್ತಿಗೊಂದು ಬೇಲಿಯನ್ನೂ ಹಾಕುತ್ತದೆ. ಅನುಮಾನ ನಿಲ್ಲುವುದು ಪ್ರತ್ಯಕ್ಷದ ಆಸರೆಯ ಮೇಲೆ; ಆಸರೆ ಕೊಟ್ಟದ್ದನ್ನೇ ಅದು ತಳ್ಳಿಹಾಕುವಂತಿಲ್ಲ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಜಗಳವಾದರೆ ಊಹೆ ಹಿಂದೆ ಸರಿಯಬೇಕು. ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಜಗಳಕ್ಕೆ ಮಾಧ್ವರು ಬಳಸಿದ ಅಸ್ತ್ರ ಇದು. ಆಪರೇಶನ್ ಥಿಯೇಟರಿನಲ್ಲಿ ಅದು ಇನ್ನೂ ಹರಿತವಾಗಿ ಕೆಲಸ ಮಾಡುತ್ತದೆ. ಉರಿಯೂತ ಕೆಟ್ಟದ್ದು ಎಂಬುದು ಅರ್ಧಸತ್ಯ. ಗಾಯ ಕೂಡುವುದಕ್ಕೂ ಸೋಂಕು ತಡೆಯುವುದಕ್ಕೂ ಅದೇ ಬೇಕು. ಸ್ಟಿರಾಯ್ಡ್ ಅದನ್ನು ಒತ್ತಿಹಿಡಿಯುವುದರ ಜೊತೆಗೆ ಸಕ್ಕರೆ ಏರಿಸುತ್ತದೆ, ಉಪ್ಪುನೀರು ಹಿಡಿದಿಡುತ್ತದೆ. ಅನುಮಾನ ಮಾಡಿದವರು ಒಂದು ಎಳೆಯನ್ನು ಮಾತ್ರ ಹಿಡಿದರು. ಮೈಯೊಳಗೆ ನೂರು ಎಳೆಗಳು ಒಟ್ಟಿಗೆ ಜಗ್ಗುತ್ತಿದ್ದವು.

ಹಾಗಿದ್ದರೆ ನೇರವಾಗಿ ನೋಡಿದರಾಯಿತಲ್ಲ, ಚೀಟಿ ಏಕೆ? ನೂರು ರೋಗಿಗಳಿಗೆ ಕೊಟ್ಟು ಎಷ್ಟು ಜನ ಉಳಿದರು ಎಂದು ಎಣಿಸಿದರೆ ಸಾಲದೇ? ಸಾಲದು. ವೈದ್ಯರು ತಮ್ಮ ಕಣ್ಣಳತೆಯ ಮೇಲೆ ಔಷಧಿ ಕೊಡುತ್ತ ಹೋದರೆ, ತೀರ ನಿತ್ರಾಣವಾದವರಿಗೆ ‘ಇದೂ ಒಂದು ಇರಲಿ’ ಎಂದು ಕೊಡುತ್ತಾರೆ, ಅಥವಾ ಸಕ್ಕರೆ ಕಾಯಿಲೆ ಇರುವವರನ್ನು ಬಿಟ್ಟು ಗಟ್ಟಿಮುಟ್ಟಾದವರಿಗೆ ಕೊಡುತ್ತಾರೆ. ಮೊದಲನೆಯದರಲ್ಲಿ ಒಳ್ಳೆಯ ಔಷಧಿಯೂ ಕೊಲೆಗಡುಕನಂತೆ ಕಾಣುತ್ತದೆ, ಎರಡನೆಯದರಲ್ಲಿ ಬರಿಯ ನೀರೂ ಅಮೃತವಾಗುತ್ತದೆ. ಹೀಗೆ ನಡುವೆ ಸೇರಿಕೊಂಡು ದಾರಿ ತಪ್ಪಿಸುವ ಕರಾರಿಗೆ ನ್ಯಾಯ ದರ್ಶನದವರು ಉಪಾಧಿ ಎಂದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದು ಒಬ್ಬ ಹೇಳಿದರೆ, ಇಲ್ಲ, ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಎಂದು ಇನ್ನೊಬ್ಬ ತಿದ್ದುತ್ತಾನೆ. ಆಷಾಢದಲ್ಲಿ ಬಚ್ಚಲ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಸಿ ಕಟ್ಟಿಗೆ ಕಣ್ಣಿಗೆ ಕಾಣುತ್ತದೆ. ರೋಗಿಯ ಮೈಯಲ್ಲಿ, ಮನೆಯಲ್ಲಿ, ಜೇಬಿನಲ್ಲಿ ಅಡಗಿರುವ ಉಪಾಧಿಗಳು ಕಾಣುವುದಿಲ್ಲ. ಕಾಣದ್ದನ್ನು ಪಟ್ಟಿ ಮಾಡಿ ಸರಿದೂಗಿಸಲೂ ಆಗುವುದಿಲ್ಲ. ಸಾವಿರಾರು ಜನರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿದರೆ, ನಮಗೆ ಹೆಸರೇ ಗೊತ್ತಿಲ್ಲದ ಉಪಾಧಿಗಳೂ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಆಮೇಲೆ ಉಳಿಯುವ ವ್ಯತ್ಯಾಸವನ್ನು ಔಷಧಿಯ ಲೆಕ್ಕಕ್ಕೆ ಬರೆಯಬಹುದು. ಇದನ್ನೆಲ್ಲ ನಮ್ಮ ಹಿರಿಯರು ಆಗಲೇ ಕಂಡುಹಿಡಿದಿದ್ದರು ಎಂಬ ಪುಷ್ಪಕವಿಮಾನದ ವಾದಕ್ಕೆ ನಾನು ಏರುತ್ತಿಲ್ಲ. ತೊಡಕು ಎಲ್ಲಿದೆ ಎಂದು ಅವರು ತೋರಿಸಿದ್ದರು. ಅದನ್ನು ದಾಟುವ ಉಪಾಯ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಸಂಖ್ಯಾಶಾಸ್ತ್ರದವರಿಗೆ.

ಚೀಟಿಯ ಮಾತಿಗೆ ಇಲ್ಲಿಯವರು ಬೆಚ್ಚಬೇಕಾದ ಕಾರಣ ನಿಜಕ್ಕೂ ಇಲ್ಲ. ಮದುವೆ, ಮನೆ, ಆಪರೇಶನ್ ಎಂದು ದೇವರಲ್ಲಿ ಹೂ ಕೇಳುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಬಲಗಡೆಯಿಂದ ಪ್ರಸಾದವಾದರೆ ಮುಂದುವರಿಯುವುದು, ಎಡಗಡೆಯಾದರೆ ತಡೆಯುವುದು. ಎರಡರಲ್ಲೂ ಮನುಷ್ಯ ತನ್ನ ಬುದ್ಧಿಯನ್ನು ಬದಿಗಿಟ್ಟು ಬೇರೆಯದರ ಕೈಗೆ ತೀರ್ಮಾನ ಕೊಡುತ್ತಾನೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಇದೆ, ಅಲ್ಲಿಂದಾಚೆಗೆ ಇಲ್ಲ. ಹೂ ಕೇಳುವವನ ನಂಬಿಕೆ, ದೇವರಿಗೆ ತನ್ನ ವಿಷಯ ಗೊತ್ತಿದೆ, ತನಗೆಂದೇ ಉತ್ತರ ಕೊಡುತ್ತಾನೆ ಎಂಬುದು. ಪ್ರಯೋಗದ ಚೀಟಿಯನ್ನು ಆರಿಸುವುದು ಅದಕ್ಕೆ ಏನೂ ಗೊತ್ತಿಲ್ಲ ಎಂಬ ಕಾರಣಕ್ಕೇ. ಯಾರು ಸ್ಪೆಷಲ್ ವಾರ್ಡಿನವರು, ಯಾರು ಜನರಲ್ ವಾರ್ಡಿನವರು, ಯಾರಿಗೆ ಶಾಸಕರ ಫೋನು ಬಂದಿದೆ, ಯಾರನ್ನು ನೋಡಿ ಡಾಕ್ಟರಿಗೆ ಅಯ್ಯೋ ಅನ್ನಿಸಿತು ಎಂಬುದೊಂದೂ ಅದಕ್ಕೆ ತಿಳಿಯುವುದಿಲ್ಲ. ಅದರ ಕುರುಡೇ ಅದರ ನಿಷ್ಪಕ್ಷಪಾತ. ದೇವರ ಜಾಗದಲ್ಲಿ ಕಂಪ್ಯೂಟರನ್ನು ಕೂರಿಸಿದರು ಎಂಬ ಆಕ್ಷೇಪಕ್ಕೆ ಹಾಗಾಗಿ ನೆಲೆಯಿಲ್ಲ. ಅಲ್ಲಿಂದ ಎಬ್ಬಿಸಿದ್ದು ವೈದ್ಯರ ಅಹಂಕಾರವನ್ನು. ಹಣೆಬರಹದಲ್ಲಿ ಇದ್ದದ್ದು ಆಗಿಯೇ ಆಗುತ್ತದೆ, ಪ್ರಯೋಗವೆಲ್ಲ ಏಕೆ ಎನ್ನುವವರಿಗೆ ಉತ್ತರ ಚಿಕ್ಕದು. ಹಾಗೆ ನಂಬಿದವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಿರಲಿಲ್ಲ.

ಗೊತ್ತಿದೆ ಎಂಬ ಭಾವನೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇದೇ ಸ್ಟಿರಾಯ್ಡ್ ಇನ್ನೊಂದು ಕಡೆ ತೋರಿಸಿದೆ. ತಲೆಗೆ ಪೆಟ್ಟು ಬಿದ್ದವರ ಮಿದುಳಿನ ಊತ ಇಳಿಸಲು ಸುಮಾರು ಮೂರು ದಶಕ ಸ್ಟಿರಾಯ್ಡ್ ಕೊಡುತ್ತ ಬಂದರು. ಊತ ಕೆಟ್ಟದ್ದು, ಸ್ಟಿರಾಯ್ಡ್ ಊತ ಇಳಿಸುತ್ತದೆ, ಅದೇ ಜಾಡಿನ ತರ್ಕ. ಕೊನೆಗೆ 20,000 ಜನರನ್ನು ಸೇರಿಸುವ ಗುರಿಯಿಟ್ಟು ಪ್ರಯೋಗ ಹೂಡಿದರೆ, 10,008 ಜನ ಆಗುವಷ್ಟರಲ್ಲೇ ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಸತ್ತವರು ಔಷಧಿ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. 2004ರ ಈ ವರದಿಯನ್ನು ನಿಧಾನವಾಗಿ ಓದಬೇಕು. ನೂರು ಜನಕ್ಕೆ ಮೂವರು ಹೆಚ್ಚು. ಮೂವತ್ತು ವರ್ಷ, ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ, ಒಳ್ಳೆಯ ಮನಸ್ಸಿನ ವೈದ್ಯರ ಕೈಯಿಂದ. ಚೀಟಿಗೆ ಬಿಟ್ಟವರನ್ನು ಪಾಪಿಗಳೆನ್ನುವುದಾದರೆ, ಚೀಟಿ ಇಲ್ಲದೆ ಕೊಟ್ಟವರನ್ನು ಏನೆನ್ನುವುದು? ಅವರೂ ಪ್ರಯೋಗವನ್ನೇ ಮಾಡುತ್ತಿದ್ದರು. ಲೆಕ್ಕ ಇಡದ, ಒಪ್ಪಿಗೆ ಕೇಳದ, ಎಂದೂ ಮುಗಿಯದ ಪ್ರಯೋಗ. ಸಿದ್ದಾಪುರದವರಿಗೆ ಇದರ ಒಂದು ರೂಪ ಮನೆ ಬಾಗಿಲಲ್ಲೇ ಗೊತ್ತು. ಮಂಗನ ಕಾಯಿಲೆಗೆ ದಶಕಗಳ ಕಾಲ ಲಸಿಕೆ ಹಾಕಿದರು. ಎರಡು ಡೋಸ್ ಪಡೆದವರಲ್ಲೂ ರಕ್ಷಣೆ ಶೇ 62ರ ಆಸುಪಾಸು ಮಾತ್ರ ಎಂದು 2005–2010ರ ಅಂಕಿಅಂಶಗಳ ಅಧ್ಯಯನ ತೋರಿಸಿತು. ಆಮೇಲೂ ಅದೇ ಲಸಿಕೆ ಮುಂದುವರಿದು, 2022ರಲ್ಲಿ ಸತ್ವ ಸಾಲದೆಂದು ನಿಂತಿತು. 2024ರ ಬೇಸಿಗೆಯಲ್ಲಿ ಈ ತಾಲ್ಲೂಕಿನಲ್ಲಿ ಮತ್ತೆ ಸೋಂಕು, ಮತ್ತೆ ಸಾವು. ಲಸಿಕೆ ತಯಾರಿಸಿದವರು, ಮನೆಮನೆಗೆ ಹೋಗಿ ಹಾಕಿದ ಆರೋಗ್ಯ ಕಾರ್ಯಕರ್ತೆಯರು ಯಾರೂ ಕೆಟ್ಟವರಲ್ಲ. ಪರೀಕ್ಷಿಸಬೇಕಾದ ಹೊತ್ತಿಗೆ ಗಟ್ಟಿಯಾಗಿ ಪರೀಕ್ಷಿಸಿದ್ದರೆ ಹೊಸ ಲಸಿಕೆಯ ಕೆಲಸ ಇನ್ನೂ ಮೊದಲೇ ಶುರುವಾಗುತ್ತಿತ್ತು.

ಇನ್ನು ಗಂಭೀರ ಆಕ್ಷೇಪಗಳಿಗೆ ಬರೋಣ. ಪರೀಕ್ಷೆ ಮಾಡಿ ಸಿಕ್ಕಿದ್ದೇನು, ‘ವ್ಯತ್ಯಾಸ ಕಾಣಲಿಲ್ಲ’ ಎಂಬ ಮಾತು ತಾನೇ? ಸಾವಿರಾರು ಜನರನ್ನು ಚೀಟಿಗೆ ಒಡ್ಡಿ ಕೊನೆಗೆ ಕೈಗೆ ಬಂದದ್ದು ಸೊನ್ನೆ ಎಂದಾದರೆ ಆ ಖರ್ಚು ಯಾವ ಧರ್ಮ? ಇಲ್ಲಿ ಸೋಂದೆಯ ಇನ್ನೊಂದು ಮಠದ ಕಡೆಗೆ ತಿರುಗಬೇಕು. ಅದ್ವೈತದಲ್ಲಿ ತಿಳಿಯುವ ಆರು ದಾರಿಗಳನ್ನು ಹೇಳುತ್ತಾರೆ. ಆರನೆಯದು ಅನುಪಲಬ್ಧಿ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಧರ್ಮರಾಜಾಧ್ವರೀಂದ್ರರ ‘ವೇದಾಂತ ಪರಿಭಾಷಾ’ ಇದಕ್ಕೊಂದು ಕರಾರು ಹಾಕುತ್ತದೆ. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದು ಹೇಳುವಂತಿಲ್ಲ. ಸ್ಟಿರಾಯ್ಡ್ ಪ್ರಯೋಗಗಳನ್ನು ಈ ಕರಾರಿಗೆ ಹಚ್ಚಿ ನೋಡಿ. ನೆದರ್ಲೆಂಡ್ಸ್‌ನ ಲೆಕ್ಕದ ಪ್ರಕಾರ ಔಷಧಿಯಿಂದ ಅಪಾಯ ಮೂರನೇ ಒಂದು ಪಾಲು ಇಳಿದಿರಲೂಬಹುದು, ಒಂದಿಷ್ಟೂ ಇಳಿಯದೆ ಇರಲೂಬಹುದು. ಶೇ 8.5 ಮತ್ತು ಶೇ 7ರ ನಡುವಿನ ಅಂತರವನ್ನು ನಂಬಿಕೆಯಿಂದ ಹಿಡಿಯಬೇಕಾದರೆ ಸುಮಾರು 10,000 ಜನ ಬೇಕು. ಅಲ್ಲಿ ಇದ್ದವರು ಅದರ ಅರ್ಧಕ್ಕಿಂತಲೂ ಕಡಿಮೆ. ಕೋಣೆಯಲ್ಲಿ ದೀಪವಿತ್ತು, ಬೆಳಕು ಸಾಲಲಿಲ್ಲ. 7,507 ಜನರ ಎರಡನೆಯ ಪ್ರಯೋಗದಲ್ಲಿ ಬೆಳಕು ಇನ್ನಷ್ಟು ಏರಿತು, ಆಗಲೂ ಗಡಿಗೆ ಕಾಣಲಿಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ದೊಡ್ಡ ಲಾಭ ಇದ್ದಿದ್ದರೆ ಈ ಹೊತ್ತಿಗೆ ಕಾಣುತ್ತಿತ್ತು, ಅದು ಇಲ್ಲ, ಸಣ್ಣ ಲಾಭ ಇದೆಯೋ ಇಲ್ಲವೋ ಹೇಳಲು ಬಾರದು. ಇದು ಸೊನ್ನೆಯಲ್ಲ. ‘ಉಪಯೋಗವಿಲ್ಲ’ ಎಂದು ತಲೆಬರಹ ಹಾಕುವ ಪತ್ರಿಕೆಯೂ, ‘ನಮ್ಮ ಅನುಭವದಲ್ಲಿ ಒಳ್ಳೆಯದಾಗಿದೆ’ ಎನ್ನುವ ವೈದ್ಯರೂ ಇಬ್ಬರೂ ಈ ಕರಾರನ್ನು ಮುರಿಯುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಸೋಂಕು ಶೇ 14.8ರಿಂದ ಶೇ 9.5ಕ್ಕೆ ಇಳಿದಿತ್ತು, ಐಸಿಯು ವಾಸವೂ ಕಡಿಮೆಯಾಗಿತ್ತು. ದೊಡ್ಡ ಪ್ರಯೋಗದಲ್ಲಿ ಸೋಂಕಿನ ಆ ಲಾಭ ಹೆಚ್ಚುಕಡಿಮೆ ಮಾಯವಾಯಿತು. ಔಷಧಿ ಬೇರೆ, ರೋಗಿಗಳು ಹೆಚ್ಚು ಅಪಾಯದವರು, ಆಸ್ಪತ್ರೆಗಳೂ ಬೇರೆ. ಯಾವುದರಿಂದ ಹೀಗಾಯಿತು ಎಂಬುದಕ್ಕೆ ಇನ್ನೊಂದು ಚೀಟಿಯೇ ಉತ್ತರ ಹೇಳಬೇಕು.

ಎರಡನೆಯ ಆಕ್ಷೇಪ ಮನೆಯವರದು, ಹೆಚ್ಚು ಕಷ್ಟದ್ದು. ‘ಸಾವಿರ ಜನರ ಸರಾಸರಿ ಕಟ್ಟಿಕೊಂಡು ನನಗೇನು? ನಮ್ಮ ಆಯಿ ಒಬ್ಬಳು. ಅವಳಿಗೆ ಇದು ಆಗುತ್ತದೋ ಇಲ್ಲವೋ ಹೇಳಿ.’ ಈ ಮಾತಿನಲ್ಲಿ ಸತ್ಯವಿದೆ. ವಸ್ತುವೊಂದನ್ನು ಒಂದೇ ಮಾತಿನಲ್ಲಿ ಹಿಡಿಯಲಾಗದು, ಒಂದು ನೆಲೆಯಿಂದ ಹೌದು, ಇನ್ನೊಂದು ನೆಲೆಯಿಂದ ಅಲ್ಲ ಎಂಬ ಜೈನರ ಅನೇಕಾಂತ ಈ ಮಾತಿನ ಬೆಂಬಲಕ್ಕೆ ಬರುವಂತೆಯೂ ಕಾಣುತ್ತದೆ. ಆದರೆ ಯಾವ ನೆಲೆಯಿಂದ ಹೌದು, ಯಾವುದರಿಂದ ಅಲ್ಲ ಎಂದು ಗೊತ್ತುಮಾಡಿಕೊಟ್ಟದ್ದು ಯಾವುದು? 2020ರಲ್ಲಿ ಬ್ರಿಟನ್ನಿನ ಕೋವಿಡ್ ಪ್ರಯೋಗ ಡೆಕ್ಸಾಮೆಥಾಸೋನನ್ನು ಚೀಟಿ ಎತ್ತಿಯೇ ಪರೀಕ್ಷಿಸಿತು. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಡದಿದ್ದವರಲ್ಲಿ ಲಾಭ ಸಿಗಲಿಲ್ಲ. ಔಷಧಿ ಪಡೆದವರಲ್ಲಿ ಸಾವು ಶೇ 17.8, ಪಡೆಯದವರಲ್ಲಿ ಶೇ 14, ಅಂದರೆ ಹಾನಿಯ ಸುಳಿವು. ಒಂದೇ ಔಷಧಿ, ಒಂದೇ ಕಾಯಿಲೆ, ಒಂದು ಘಟ್ಟದಲ್ಲಿ ಪ್ರಾಣ ಉಳಿಸುತ್ತದೆ, ಇನ್ನೊಂದರಲ್ಲಿ ಉಳಿಸುವುದಿಲ್ಲ. ಈ ವಿವೇಕವನ್ನು ಮರೆತು 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗಿದವರು ನಮ್ಮಲ್ಲಿ ಕಡಿಮೆಯಿರಲಿಲ್ಲ. ಏರಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂತು. ಕರ್ನಾಟಕದಲ್ಲಿ ಅದು ಸಾವಿರಾರು ಜನರನ್ನು ಹಿಡಿಯಿತು, ಎಷ್ಟೋ ಜನ ಕಣ್ಣು ಕಳೆದುಕೊಂಡರು. ಹಾಗಾಗಿ ‘ನಮ್ಮ ಆಯಿಗೆ ಏನು?’ ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಸಿಗುವುದೂ ಅವಳಂಥ ಸಾವಿರಾರು ಜನ ಚೀಟಿಗೆ ಒಪ್ಪಿದಾಗಲೇ. ಒಬ್ಬಳನ್ನೇ ನೋಡಿ ಹೇಳುವ ಉತ್ತರ ಊಹೆ. ಊಹೆಗೆ ಪ್ರೀತಿ ಬೆರೆತಿದೆ ಎಂಬ ಮಾತ್ರಕ್ಕೆ ಅದು ಜ್ಞಾನವಾಗುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಒಪ್ಪಿಗೆ ಇದೆ. ಚೀಟಿ ನ್ಯಾಯವಂತ ಇರಬಹುದು, ಚೀಟಿಯ ಡಬ್ಬಿಗೆ ಬೀಳುವ ಹೆಸರುಗಳು ಯಾರವು? ಇಂಗ್ಲಿಷಿನಲ್ಲಿ ಹತ್ತು ಪುಟದ ಕಾಗದ ಕೊಟ್ಟು ‘ಇಲ್ಲೊಂದು ಸಹಿ ಹಾಕಿ’ ಎಂದರೆ, ಯಲ್ಲಾಪುರದ ಕಾಡಿನಂಚಿನ ಸಿದ್ದಿ ಅಥವಾ ಗೌಳಿ ಕುಟುಂಬದವರು ಇಲ್ಲ ಎಂದಾರೇ? ಚಿಕ್ಕಂದಿನಲ್ಲಿ ಬಂದ ವಾತಜ್ವರಕ್ಕೆ ಸರಿಯಾಗಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸಿಗದೆ ಕವಾಟ ಹಾಳಾಗಿ, ಮೂವತ್ತರ ಹರೆಯದಲ್ಲಿ ಆಪರೇಶನ್ ಟೇಬಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಡವರೇ. ಬೇಡ ಎಂದರೆ ಡಾಕ್ಟರು ಸಿಟ್ಟಾದಾರು, ಸರದಿ ಹಿಂದೆ ಹೋದೀತು ಎಂಬ ಭಯದಿಂದ ಹಾಕಿದ ಸಹಿ ಒಪ್ಪಿಗೆಯಾಗುವುದಿಲ್ಲ. ಈ ಭಯ ಕಲ್ಪನೆಯದಲ್ಲ. ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಯೋಜನೆಯೊಂದರಲ್ಲಿ ಹೆಣ್ಣುಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಹೊರಬಂದು, 2010ರಲ್ಲಿ ಅದು ನಿಂತಿತು. ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿ ಬರೆಯಿತು. ದೇಶದಲ್ಲಿ 2007ರಲ್ಲಿ ಪ್ರಯೋಗಗಳ ನೋಂದಣಿ ಪಟ್ಟಿ ಶುರುವಾಗಿ, 2009ರಿಂದ ಕಡ್ಡಾಯವಾಯಿತು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎಂದು 2019ರ ನಿಯಮಗಳು ಹೇಳುತ್ತವೆ. ಕಾಗದದ ಮೇಲಿನ ನಿಯಮ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಮೈಲಿ ನಡೆಯುವವರ ಮನೆತನಕ ಬರುತ್ತದೆಯೇ ಎಂಬ ಸಂದೇಹ ನನಗೂ ಇದೆ. ಆದರೆ ಈ ಆಕ್ಷೇಪ ಬೆರಳು ತೋರಿಸುವುದು ಒಪ್ಪಿಗೆಯನ್ನು ಕದಿಯುವವರ ಕಡೆಗೆ. ಚೀಟಿ ಬೇಡ ಎನ್ನುವವರಿಗೆ ಅದರಿಂದ ಬಲ ಸಿಗುವುದಿಲ್ಲ. ಬಡವರನ್ನು ಪ್ರಯೋಗದಿಂದ ಹೊರಗಿಟ್ಟರೆ, ಯುರೋಪಿನ ಎಪ್ಪತ್ತರ ಮುದುಕರ ಲೆಕ್ಕ ಹಿಡಿದು ಮಲೆನಾಡಿನ ಮೂವತ್ತರ ಹೆಂಗಸಿಗೆ ಔಷಧಿ ಕೊಡಬೇಕಾಗುತ್ತದೆ. ಅದೂ ಅನ್ಯಾಯವೇ.

ಹಾಗೆಂದು ಎಲ್ಲವನ್ನೂ ಚೀಟಿಗೆ ಬಿಡಲಾಗದು. ಚರಕ ಸಂಹಿತೆಯಲ್ಲಿ ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳ ಜೊತೆಗೆ ಯುಕ್ತಿಯನ್ನೂ ತಿಳಿಯುವ ದಾರಿಯೆಂದು ಎಣಿಸಿದ್ದಾರೆ. ಹಲವು ಕಾರಣಗಳು ಸೇರಿ ಒಂದು ಫಲವಾಗುವುದನ್ನು ಕಾಣುವ ಬುದ್ಧಿ ಅದು. ಆಪರೇಶನ್ ನಡುವೆ ರಕ್ತದೊತ್ತಡ ಕುಸಿದಾಗ ವೈದ್ಯರು ಚೀಟಿ ಹುಡುಕುತ್ತ ಕೂರಲಾರರು, ಆ ಬುದ್ಧಿಯನ್ನೇ ನಂಬಬೇಕು. ಚೀಟಿಯ ಜಾಗ ಬೇರೆ. ತಿಳಿದ ವೈದ್ಯರೇ ಇಬ್ಬಗೆಯಾಗಿ ನಿಂತು, ಕೊಡಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಸಮನಾದ ಕಾರಣಗಳಿದ್ದಾಗ ಮಾತ್ರ ಅದಕ್ಕೆ ಅಧಿಕಾರ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ಇಂದಿಗೂ ಆ ಜಾಗದಲ್ಲೇ ಇದೆ. ಎಲ್ಲರಿಗೂ ರೂಢಿಯಂತೆ ಕೊಡಲು ಈವರೆಗಿನ ಪುರಾವೆ ಸಾಲದು. ಇದನ್ನು ಓದಿ ಯಾರೂ ಇನ್ನೊಂದು ತಪ್ಪು ಮಾಡಬಾರದು: ದಮ್ಮಿಗೋ ಸಂಧಿವಾತಕ್ಕೋ ಬಹಳ ದಿನದಿಂದ ಸ್ಟಿರಾಯ್ಡ್ ಮಾತ್ರೆ ತಿನ್ನುತ್ತಿರುವವರು ಆಪರೇಶನ್ ಇದೆ ಎಂದು ತಾವೇ ನಿಲ್ಲಿಸಿದರೆ ಪ್ರಾಣಕ್ಕೆ ಕುತ್ತು. ಅಂಥವರ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಹಳ್ಳಿಯ ಪುಡಿ ಔಷಧಿ ತಿನ್ನುತ್ತಿದ್ದರೂ ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಉಳಿದಂತೆ, ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಯಾರಾದರೂ ಪ್ರಯೋಗದ ಕಾಗದ ಮುಂದಿಟ್ಟರೆ, ಚೀಟಿ ಎಂಬ ಕಾರಣಕ್ಕೇ ಎದ್ದು ಬರಬೇಡಿ. ಕನ್ನಡದಲ್ಲಿ ಓದಿ ಹೇಳಲು ಕೇಳಿ. ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಬೇಡ ಎಂದರೆ ಚಿಕಿತ್ಸೆಯಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ, ಊರಿಗೆ ಬಂದ ಮೇಲೆ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು, ಖರ್ಚು ಯಾರದು ಎಂದು ಮುಖ ನೋಡಿ ಕೇಳಿ. ಉತ್ತರ ಸರಿ ಕಂಡರೆ ಸಹಿ ಹಾಕಿ, ಸರಿ ಕಾಣದಿದ್ದರೆ ಕಾಗದ ವಾಪಸ್ಸು ಕೊಡಿ.